ನನ್ನ ಸಕ್ಕರೆ ಕಾಯಿಲೆ ಮತ್ತು ಚೀನೀ ವೈದ್ಯ

2017ರ ಜುಲೈ ತಿಂಗಳ ಒಂದು ಸಂಜೆ ತೋಟದಿಂದ ಬಂದು ಅಡುಗೆಮನೆಗೆ ಹೋಗುತ್ತಿದ್ದವಳನ್ನು ಅತ್ತೆ ಹಿಂದಿನಿಂದ ಕೂಗಿ ನಿಲ್ಲಿಸಿದರು. "ಕಾಲು ನೋಡಿಕೋ, ನೆಲವೆಲ್ಲ ರಕ್ತ." ಜಿಗಣೆ ಇರಬೇಕು ಎಂದುಕೊಂಡೆ. ಮಳೆಗಾಲದಲ್ಲಿ ಕೊಡಗಿನ ನಮ್ಮ ಗೋಣಿಕೊಪ್ಪದ ಸುತ್ತ ಅದು ದಿನನಿತ್ಯದ ಮಾತು. ಕುಳಿತು ನೋಡಿದರೆ, ಬಲ ಅಂಗಾಲಿಗೆ ಹಾಲವಾಣದ ಮುಳ್ಳು ಚುಚ್ಚಿಕೊಂಡಿತ್ತು. ಮೆಣಸಿನ ಬಳ್ಳಿ ಹಬ್ಬಿದ ಮರದ ಕೊಂಬೆ ಸವರುವಾಗ ತೊಗಟೆಯ ಚೂರೊಂದು ಗಂಬೂಟಿನೊಳಗೆ ಬಿದ್ದಿರಬೇಕು. ಕೊಂಬೆ ಸವರಿದ್ದು ಬೆಳಿಗ್ಗೆ ಹತ್ತು ಗಂಟೆಗೆ. ಸಂಜೆಯವರೆಗೂ ಅದನ್ನು ತುಳಿದುಕೊಂಡೇ ನಡೆದಿದ್ದೆ, ನೋವೇ ಗೊತ್ತಾಗಿರಲಿಲ್ಲ.

ಸಕ್ಕರೆ ಕಾಯಿಲೆ ಎಂದು ಗೊತ್ತಾಗಿ ಆಗ ಒಂದು ವರ್ಷ ಕಳೆದಿತ್ತು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 9.1 ಇತ್ತು. ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ ಎಂದು ಡಾಕ್ಟರು ಬರೆದುಕೊಟ್ಟಿದ್ದರು. ನಾನು ಒಂದನ್ನು ನುಂಗಿ ಒಂದನ್ನು ಮರೆಯುತ್ತಿದ್ದೆ. ಹಗಲೆಲ್ಲ ಕಾಲು ಜೋಮು ಹಿಡಿದಂತೆ, ರಾತ್ರಿ ಹಾಸಿಗೆಗೆ ಬಂದ ಕೂಡಲೇ ಬೆರಳ ತುದಿಗಳಲ್ಲಿ ಕೆಂಡ ಇಟ್ಟಂತೆ ಉರಿ. ಆ ಉರಿಗೆ ಏನಾದರೂ ದಾರಿ ಸಿಕ್ಕೀತೆಂದು ನಾನು ಚೀನೀ ವೈದ್ಯದ ಬಾಗಿಲು ತಟ್ಟಿದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಕುಶಾಲನಗರ ದಾಟಿದರೆ ಬೈಲುಕುಪ್ಪೆಯಲ್ಲಿ ಟಿಬೆಟನ್ನರ ವೈದ್ಯ ಸಿಗುತ್ತದೆ, ನಮ್ಮವರು ಅದನ್ನೂ ಚೀನೀ ವೈದ್ಯವನ್ನೂ ಒಂದೇ ಎಂದುಕೊಳ್ಳುತ್ತಾರೆ. ಎರಡೂ ಬೇರೆ ಬೇರೆ ಪರಂಪರೆಗಳು. ನಾನು ಹೋದದ್ದು ಮೈಸೂರಿನಲ್ಲಿ ಸೂಜಿ ಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್ ಮಾಡುವ ಒಬ್ಬ ಮಹಿಳೆಯ ಬಳಿಗೆ. ಈ ವಿದ್ಯೆ ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದದ್ದಲ್ಲ. 1938ರಲ್ಲಿ ಸೊಲ್ಲಾಪುರದ ಡಾಕ್ಟರ್ ಕೋಟ್ನಿಸರೂ ಸೇರಿ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಒಬ್ಬರಾದ ಬಿಜಯ್ ಕುಮಾರ್ ಬಸು ಅವರು ಮುಂದೆ ಅದನ್ನು ಅಲ್ಲಿಯೇ ಕಲಿತು ಬಂದು 1959ರಲ್ಲಿ ಕೋಲ್ಕತ್ತಾದಲ್ಲಿ ಆರಂಭಿಸಿದರು.

ತಿತಿಮತಿ, ಹುಣಸೂರು ಮಾರ್ಗವಾಗಿ ಬಸ್ಸಿನಲ್ಲಿ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಮೊದಲ ದಿನ ಆಕೆ ಸೂಜಿಯನ್ನೇ ಮುಟ್ಟಲಿಲ್ಲ. ಎರಡೂ ಮಣಿಕಟ್ಟಿನ ಮೇಲೆ ಮೂರು ಮೂರು ಬೆರಳಿಟ್ಟು ಬಹಳ ಹೊತ್ತು ನಾಡಿ ನೋಡಿದರು. ನಾಲಿಗೆ ಚಾಚಲು ಹೇಳಿದರು. ಅಂಚಿನಲ್ಲಿ ಹಲ್ಲಿನ ಗುರುತು, ಮೇಲೆ ದಪ್ಪ ಬಿಳಿ ಪದರ. "ನಿಮ್ಮ ಒಳಗೆ ಶೀತ ತೇವ ತುಂಬಿದೆ, ಗುಲ್ಮ ಸೋತಿದೆ" ಎಂದರು. ಚೀನೀ ವೈದ್ಯದಲ್ಲಿ ಗುಲ್ಮವೆಂದರೆ ನಮ್ಮ ದೇಹಶಾಸ್ತ್ರದ ಗುಲ್ಮ, ಅಂದರೆ ಸ್ಪ್ಲೀನ್ ಅಷ್ಟೇ ಅಲ್ಲ, ತಿಂದದ್ದನ್ನು ಪಚನ ಮಾಡಿ ಮೈಗೆ ಹಂಚುವ ಇಡೀ ವ್ಯವಸ್ಥೆಗೆ ಆ ಹೆಸರು, ಮತ್ತು ಅದಕ್ಕೆ ತೇವವೆಂದರೆ ಆಗದು. ಜಡಿಮಳೆಯ ಕಕ್ಕಡ ಮಾಸದಲ್ಲಿ ಗೋಡೆಗೆ ಬೂಷ್ಟು ಹಿಡಿಯುವ ಊರಿನವಳಿಗೆ ಈ ಮಾತು ತಟ್ಟನೆ ಅರ್ಥವಾಯಿತು. ಈ ಕಾಯಿಲೆಯನ್ನು ಅವರು ಹಿಂದಿನಿಂದಲೂ 'ಷಿಯಾವೊ ಕೆ' ಎನ್ನುತ್ತಾರಂತೆ. ಬಾಯಾರಿಸಿ ಮೈ ಕರಗಿಸುವುದು ಎಂದು ಅರ್ಥ. ತೀರದ ಬಾಯಾರಿಕೆ, ತೀರದ ಹಸಿವು, ನಿಲ್ಲದ ಮೂತ್ರ: ನನಗೆ ಮೂರೂ ಇದ್ದವು.

ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲಿನ ಎಲುಬಿನಿಂದ ಒಂದು ಬೆರಳು ಹೊರಗೆ ಒಂದು ಸೂಜಿ. ಕಾಲಿನ ಒಳಬದಿಯ ಹರಡಿನಿಂದ ನಾಲ್ಕು ಬೆರಳು ಮೇಲೆ ಇನ್ನೊಂದು. ಕೂದಲೆಳೆಯಂಥ ಸೂಜಿ, ಒಮ್ಮೆ ಬಳಸಿ ಎಸೆಯುವಂಥದ್ದು, ಪೊಟ್ಟಣವನ್ನು ನನ್ನ ಕಣ್ಣೆದುರೇ ಹರಿಯುತ್ತಿದ್ದರು. ಚುಚ್ಚಿದ್ದಕ್ಕಿಂತ ಆಮೇಲೆ ಬರುವ ಭಾರ ವಿಚಿತ್ರ. ಒಳಗೆ ಯಾರೋ ಹೆಬ್ಬೆರಳಿನಿಂದ ಒತ್ತಿ ಹಿಡಿದ ಹಾಗೆ ಮಂದವಾದ ನೋವು. ಅದು ಬಂದರೆ ಸೂಜಿ ತಲುಪಬೇಕಾದಲ್ಲಿಗೆ ತಲುಪಿದೆ ಎಂದರ್ಥ. ಮಾಚಿಪತ್ರೆಯ ಜಾತಿಯ ಎಲೆಯನ್ನು ಉರಿಸಿ ಶಾಖ ಕೊಡುವ ಕ್ರಮವೂ ಈ ವೈದ್ಯದಲ್ಲಿದೆ. ಆಕೆ ಅದನ್ನು ನನಗೆ ಖಡಾಖಂಡಿತವಾಗಿ ಬೇಡವೆಂದರು. ಸ್ಪರ್ಶ ಸತ್ತ ಕಾಲಿಗೆ ಸುಟ್ಟರೂ ತಿಳಿಯುವುದಿಲ್ಲ. ಆ ಒಂದು ಮಾತಿಗೇ ಆಕೆಯ ಮೇಲೆ ನನಗೆ ನಂಬಿಕೆ ಬಂತು. ಮೆಟ್‌ಫಾರ್ಮಿನ್ ಬಿಡಿ ಎಂದು ಆಕೆ ಒಂದು ದಿನವೂ ಹೇಳಲಿಲ್ಲ.

ಹತ್ತು ವಾರ ಕಳೆಯುವಷ್ಟರಲ್ಲಿ ರಾತ್ರಿಯ ಉರಿ ಇಳಿಯಿತು, ನಿದ್ದೆ ಬರತೊಡಗಿತು. ಆದರೆ ಸಕ್ಕರೆ? ಕಾಫಿ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಗ್ಲುಕೋಮೀಟರಿನ ಅಂಕಿಗಳನ್ನು ಬರೆದಿಡುತ್ತಿದ್ದೆ. ಊಟ ಬದಲಿಸದೆ ಬರೀ ಸೂಜಿ ಹಾಕಿಸಿಕೊಂಡ ತಿಂಗಳಲ್ಲಿ ಆ ಅಂಕಿಗಳು ಇದ್ದಲ್ಲೇ ಇದ್ದವು. ಇದನ್ನು ನಾನು ಕೇಳಿದವರಿಗೆಲ್ಲ ಹೇಳುತ್ತೇನೆ. ಸೂಜಿ ನನ್ನ ಕಾಲಿಗೆ ಸುಖ ಕೊಟ್ಟಿತು, ರಕ್ತದ ಸಕ್ಕರೆಯನ್ನು ಇಳಿಸಲಿಲ್ಲ.

ಇಷ್ಟರಲ್ಲಿ ವಿದೇಶದಿಂದ ಬಂದ ನೆಂಟರೊಬ್ಬರು ಒಂದು ಸೀಸೆ ಗುಳಿಗೆ ತಂದುಕೊಟ್ಟರು. ಮೇಲೆಲ್ಲ ಚೀನೀ ಅಕ್ಷರ. "ಬರೀ ಬೇರು ನಾರು, ಹತ್ತು ಹತ್ತು ನುಂಗು" ಎಂದರು. ಕಾಳುಮೆಣಸಿನಂಥ ಕಪ್ಪು ಗುಳಿಗೆಗಳು. ಯಾರನ್ನೂ ಕೇಳದೆ ಶುರುಮಾಡಿದೆ. ಮೂರನೆಯ ದಿನ ಬೆಳಿಗ್ಗೆ ಹತ್ತು ಗುಳಿಗೆ ನುಂಗಿ, ಕಾಫಿ ಕುಯ್ಯುವವರು ಬಂದರೆಂದು ತಿಂಡಿ ತಿನ್ನದೆ ಕಣಕ್ಕೆ ಹೋದೆ. ಡಿಸೆಂಬರಿನ ಚಳಿಯಲ್ಲಿ ಕುಪ್ಪಸ ಒದ್ದೆಯಾಗುವಷ್ಟು ಬೆವರು. ಕೈ ನಡುಗಿ ತಕ್ಕಡಿಯ ಅಂಕಿ ಎರಡೆರಡಾಗಿ ಕಂಡಿತು. ಮನೆಯವರು ಮೀಟರ್ ತಂದು ನೋಡಿದರೆ 52. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದರು, ಕಾಲು ಗಂಟೆಯಲ್ಲಿ ಚೇತರಿಸಿಕೊಂಡೆ. ಆದರೆ ಮಧ್ಯಾಹ್ನ ಮತ್ತೆ 61.

ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಬೆಂಗಳೂರಿನಲ್ಲಿರುವ ಮಗಳು ಸೀಸೆಯ ಚಿತ್ರ ತರಿಸಿಕೊಂಡು ಮೊಬೈಲಿನಲ್ಲಿ ಅನುವಾದ ಮಾಡಿ ನೋಡಿದಳು. ಬೇರುಗಳ ಸಾಲಿನ ಕೊನೆಯಲ್ಲಿ ಗ್ಲಿಬೆನ್‌ಕ್ಲಮೈಡ್ ಎಂದಿತ್ತು, ಗುಳಿಗೆಗೆ 0.25 ಮಿಲಿಗ್ರಾಂ. ಅದು ಗಿಡಮೂಲಿಕೆಯಲ್ಲ. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡಿ ತೆಗೆಯುವ ಅಲೋಪತಿ ಔಷಧಿ. ಚೀನಾದಲ್ಲಿ ಇಂಥ ಬೆರಕೆ ಗುಳಿಗೆ ಮಾರುವುದು ಕಾನೂನುಬದ್ಧ, ಲೇಬಲಿನಲ್ಲೂ ಬರೆದಿರುತ್ತಾರೆ. ಚೀನೀ ಅಕ್ಷರ ಓದಲು ಬಾರದ ನಾನು ಹತ್ತು ಗುಳಿಗೆಯಲ್ಲಿ ಎರಡೂವರೆ ಮಿಲಿಗ್ರಾಂ ನುಂಗಿದ್ದೆ. ಅದರ ಪರಿಣಾಮ ದೀರ್ಘಕಾಲ ಇರುವುದರಿಂದ ಒಮ್ಮೆ ಸಕ್ಕರೆ ಕುಡಿದು ಏರಿದರೂ ಮತ್ತೆ ಇಳಿಯುತ್ತದೆ ಎಂದು ಡಾಕ್ಟರು ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಮೂತ್ರಪಿಂಡದ ಪರೀಕ್ಷೆಯನ್ನೂ ಮಾಡಿಸಿದರು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಕೊಟ್ಟ ಚೀನೀ ಮೂಲಿಕೆಯಲ್ಲಿ ಅರಿಸ್ಟೊಲೋಕಿಯಾ ಎಂಬ ಗಿಡ ಸೇರಿಕೊಂಡು ಹಲವು ಹೆಂಗಸರ ಮೂತ್ರಪಿಂಡ ಕೆಟ್ಟಿದ್ದನ್ನು ಅವರೇ ಹೇಳಿದರು. ನನ್ನದು ಸರಿಯಾಗಿತ್ತು.

ಅಂದಿನಿಂದ ಹೆಸರು ಗೊತ್ತಿಲ್ಲದ ಯಾವುದನ್ನೂ ಬಾಯಿಗೆ ಹಾಕಿಲ್ಲ. ಚೀನೀಯರು 'ಹುವಾಂಗ್ ಲಿಯಾನ್' ಎಂಬ ಕಹಿ ಬೇರನ್ನು ಬಳಸುತ್ತಾರೆ. ಅದರಲ್ಲಿರುವ ಬರ್ಬರೀನ್ ಎಂಬ ಹಳದಿ ಸತ್ವ ನಮ್ಮ ಘಟ್ಟದ ಮರದರಿಶಿನದಲ್ಲೂ ಇದೆ. ಸಕ್ಕರೆ ಇಳಿಸುತ್ತದೆಯೇ ಎಂದು ಅದರ ಮೇಲೆ ಪ್ರಯೋಗಗಳೂ ನಡೆದಿವೆ. ಕಾಡಿನಿಂದ ಒಂದು ತುಂಡು ತರಿಸಲೇ ಎಂದು ಡಾಕ್ಟರನ್ನು ಕೇಳಿದೆ, ಮೆಟ್‌ಫಾರ್ಮಿನ್ ಜೊತೆಗೆ ಬೇಡ ಎಂದರು, ಬಿಟ್ಟೆ. ಆ ಬಳ್ಳಿ ಕಾಡಿನಲ್ಲಿ ಈಗಲೇ ಅಪರೂಪವಾಗಿದೆ, ಅದೂ ಉಳಿಯಲಿ.

ಆ ವೈದ್ಯದಿಂದ ನನ್ನಲ್ಲಿ ನಿಂತದ್ದು ಒಂದು ವ್ಯಾಯಾಮ. 'ಬಾ ದುವಾನ್ ಜಿನ್', ಎಂಟು ತುಂಡು ರೇಷ್ಮೆ ಎಂದು ಅರ್ಥ. ಎಂಟು ಚಲನೆಗಳು, ಕಾಲು ಗಂಟೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ವಾಕಿಂಗ್ ಹೋಗಿ ಎನ್ನುವುದು ಸುಲಭ, ಹೋಗುವುದು ಕಷ್ಟ. ನಮ್ಮ ಕೈಯಾಲೆಯಲ್ಲಿ, ಅಂದರೆ ಮನೆಯ ಮುಂದಿನ ಜಗಲಿಯಲ್ಲಿ ನಿಂತು, ಹಂಚಿನಿಂದ ಸುರಿಯುವ ನೀರನ್ನು ನೋಡುತ್ತ, ಬೆರಳುಗಳನ್ನು ಹೆಣೆದು ಆಕಾಶ ಎತ್ತಿ ಹಿಡಿದಂತೆ ಕೈ ಮೇಲೆತ್ತುವುದರಿಂದ ಶುರುಮಾಡುತ್ತೇನೆ. ಕೊನೆಯದರಲ್ಲಿ ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ಏಳು ಸಲ ನೆಲಕ್ಕೆ ಬಿಡಬೇಕು. ಮೊದಮೊದಲು ಕಂಬ ಹಿಡಿಯದೆ ಆಗುತ್ತಿರಲಿಲ್ಲ. ಊಟವಾಗಿ ಅರ್ಧ ಗಂಟೆಗೆ ಇದನ್ನು ಮಾಡಿದ ದಿನ, ಎರಡು ಗಂಟೆಯ ನಂತರದ ಅಂಕಿ ಮಾಡದ ದಿನಕ್ಕಿಂತ ಇಪ್ಪತ್ತು ಮೂವತ್ತು ಕಡಿಮೆ ಇರುತ್ತಿತ್ತು. ದುಡಿಯುವ ಸ್ನಾಯು ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಅಷ್ಟೇ.

ಊಟದ ವಿಷಯದಲ್ಲೂ ಮೀಟರನ್ನೇ ಕೇಳುತ್ತೇನೆ. ಗೆಣಸು ಗುಲ್ಮಕ್ಕೆ ಬಲ ಎಂದು ಚೀನೀ ವೈದ್ಯ ಹೇಳುತ್ತದೆ, ಅವರು ಬಳಸುವುದು ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ತಿನ್ನುವ ಗೆಣಸಿನ ಕುಲದ್ದೇ. ಸಂತೋಷದಿಂದ ಒಂದು ಬಟ್ಟಲು ತಿಂದೆ, ಮೀಟರ್ 204 ತೋರಿಸಿತು. ಈಗ ಪುತ್ತರಿಯ ದಿನ ಎರಡು ತುಂಡು ಮಾತ್ರ. ಅಕ್ಕಿ ತರಿಯ ಉಂಡೆ ಕಡಂಬುಟ್ಟು ನಾಲ್ಕರ ಬದಲು ಒಂದು, ಪಕ್ಕದಲ್ಲಿ ಹಾಗಲಕಾಯಿ ಪಲ್ಯ ಧಾರಾಳ. ಕಕ್ಕಡದ ಹದಿನೆಂಟನೆಯ ದಿನ ಮಾಡುವ ಮದ್ದುಸೊಪ್ಪಿನ ಪಾಯಸ ಬಿಡಲು ಮನಸ್ಸು ಒಪ್ಪುವುದಿಲ್ಲ. ಸೊಪ್ಪು ಕುದಿಸಿದ ನೇರಳೆ ನೀರಿನಲ್ಲಿ ನನ್ನ ಪಾಲಿನ ಒಂದು ಹಿಡಿ ಅಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಬೆಲ್ಲದ ಬದಲು ತೆಂಗಿನಕಾಯಿ ಹೆಚ್ಚಾಗಿ ಹಾಕುತ್ತೇನೆ. ಪರಿಮಳ ಪೂರ್ತಿ ಇರುತ್ತದೆ, ಮರುದಿನ ಮೂತ್ರವೂ ಎಲ್ಲರಂತೆ ಕೆಂಪಗೆ ಹೋಗುತ್ತದೆ.

ಈಗ ಎಚ್‌ಬಿಎ1ಸಿ 6.9. ಮೆಟ್‌ಫಾರ್ಮಿನ್ ಎರಡು ಹೊತ್ತೂ ತಪ್ಪದೆ ನಡೆದಿದೆ. ಉರಿ ಮರುಕಳಿಸಿದಾಗ ಮಾತ್ರ ಮೈಸೂರಿಗೆ ಹೋಗಿ ಸೂಜಿ ಹಾಕಿಸಿಕೊಳ್ಳುತ್ತೇನೆ. ಕಳೆದ ಬಾರಿ ಡಾಕ್ಟರು ನನ್ನ ಕಣ್ಣು ಮುಚ್ಚಿಸಿ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಹತ್ತು ಕಡೆ ಮುಟ್ಟಿಸಿದರು. ಏಳು ಕಡೆ ಗೊತ್ತಾಯಿತು. ಬಲಗಾಲಿನ ಹೆಬ್ಬೆರಳಿಗೆ ಇನ್ನೂ ತಿಳಿಯುವುದಿಲ್ಲ. ಹಾಗಾಗಿ ರಾತ್ರಿ ಮಲಗುವ ಮುನ್ನ ಮಂಚದ ಮೇಲೆ ಕುಳಿತು, ನೆಲದಲ್ಲಿ ಕನ್ನಡಿ ಇಟ್ಟು, ಟಾರ್ಚ್ ಬಿಟ್ಟು ಅಂಗಾಲು ನೋಡಿಕೊಳ್ಳುತ್ತೇನೆ. ಬೆಳಿಗ್ಗೆ ಗಂಬೂಟನ್ನು ಬೋರಲು ಹಿಡಿದು ಎರಡು ಸಲ ಕೊಡವಿ, ಒಳಗೆ ಕೈಯಾಡಿಸಿ, ಆಮೇಲೆ ಕಾಲು ಹಾಕುತ್ತೇನೆ.