ಗಂಟು ಮೊಡವೆಗೆ ನಾನು ಔಷಧ ಮಾಡುವ ಬಗೆ

ಮೊಡವೆ ಎಂದು ಯಾರೇ ಬಂದರೂ ಮೊದಲು ಅವರ ಕೆನ್ನೆ, ದವಡೆ, ಬೆನ್ನು ಮುಟ್ಟಿ ನೋಡುತ್ತೇನೆ. ಮೇಲ್ಮೇಲಿನ ಸಣ್ಣ ಗುಳ್ಳೆಗಳಿಗೆ ಹಚ್ಚುವ ಔಷಧವೇ ಸಾಕಾಗುತ್ತದೆ. ಚರ್ಮದಡಿ ಬೆರಳಿಗೆ ಗಟ್ಟಿ ಗಂಟು ಸಿಕ್ಕಿ, ಒತ್ತಿದರೆ ನೋವಾಗುವಂತಿದ್ದರೆ ಲೆಕ್ಕ ಬೇರೆ. ಅಂಥದ್ದು ಮಾಯ್ದರೂ ಹಲವು ಸಲ ಕುಳಿ ಉಳಿಸಿ ಹೋಗುತ್ತದೆ, ಆ ಕುಳಿಯನ್ನು ಪೂರ್ತಿ ತುಂಬುವ ಔಷಧ ನನ್ನ ಬಳಿ ಇಲ್ಲ. ‘ವಯಸ್ಸಿಂದು, ಮದುವೆ ಆದ್ಮೇಲೆ ಹೋಗ್ತದೆ’ ಎಂಬ ಮಾತು ನಂಬಿ ಕಾದವರ ಕೆನ್ನೆ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕುಮಟೆಯ ನನ್ನ ದವಾಖಾನೆಗೆ ಬರುವವರಲ್ಲಿ ಬಹಳಷ್ಟು ಜನ ಅದಾಗಲೇ ಏನೋ ಒಂದು ಟ್ಯೂಬ್ ಹಚ್ಚಿರುತ್ತಾರೆ. ಹೆಸರು ನೆನಪಿರುವುದಿಲ್ಲ, ಹಾಗಾಗಿ ಟ್ಯೂಬನ್ನೇ ತರಲು ಹೇಳುತ್ತೇನೆ. ಬೆಟಾಮೆಥಾಸೋನ್, ಕ್ಲೊಬೆಟಾಸೋಲ್ ಅಥವಾ ಮೊಮೆಟಾಸೋನ್ ಎಂಬ ಸ್ಟಿರಾಯ್ಡ್ ಬೆರೆಸಿದ ‘ಬಿಳಿ ಮಾಡುವ’ ಕ್ರೀಮು ಕಂಡರೆ ಅಲ್ಲೇ ನಿಲ್ಲಿಸುತ್ತೇನೆ. ಸ್ಟಿರಾಯ್ಡ್ ಹಚ್ಚಿದಾಗ ಮೊದಮೊದಲು ಮುಖ ತಿಳಿಯಾಗುತ್ತದೆ. ಬಿಟ್ಟೊಡನೆ ಕೆಂಪು, ಉರಿ, ಮೊದಲಿಗಿಂತ ಹೆಚ್ಚು ಗುಳ್ಳೆ. ಹೆದರಿ ಮತ್ತೆ ಹಚ್ಚುತ್ತಾರೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲೇ ನಿಯಮ ಬಂದಿದೆ. ಬಿಟ್ಟ ಮೇಲೆ ಕೆಲವು ವಾರ ಮುಖ ಕೆಡುತ್ತದೆ ಎಂಬುದನ್ನು ಮೊದಲೇ ಹೇಳಿಟ್ಟರೆ ಮಾತ್ರ ರೋಗಿ ತಡೆದುಕೊಳ್ಳುತ್ತಾನೆ.

ಹರೆಯದಲ್ಲಿ ಆಂಡ್ರೊಜೆನ್ ಎಂಬ ಹಾರ್ಮೋನು ಏರಿ ಎಣ್ಣೆಗ್ರಂಥಿ ಹಿಗ್ಗುತ್ತದೆ. ರೋಮಕೂಪದ ಬಾಯಲ್ಲಿ ಸತ್ತ ಜೀವಕೋಶಗಳು ಅಂಟಿಕೊಂಡು ದಾರಿ ಮುಚ್ಚುತ್ತವೆ. ಒಳಗೆ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ಉರಿಯೂತ ಏಳುತ್ತದೆ. ಕೂಪದ ಗೋಡೆ ಒಳಗಡೆಯೇ ಒಡೆದು ಹೂರಣವೆಲ್ಲ ಚರ್ಮದಾಳಕ್ಕೆ ಚೆಲ್ಲಿದಾಗ ಆಗುವುದೇ ಗಂಟು. ಎಷ್ಟು ಸಲ ಸಾಬೂನು ಹಾಕಿ ತಿಕ್ಕಿದರೂ, ಲಿಂಬೆರಸ ಹಚ್ಚಿದರೂ ಅದು ಅಲ್ಲಿಗೆ ಮುಟ್ಟುವುದಿಲ್ಲ, ಮೇಲಿನ ಚರ್ಮ ಸುಡುತ್ತದೆ ಅಷ್ಟೆ. ತಲೆಗೆ ಹಾಕಿದ ತೆಂಗಿನೆಣ್ಣೆ ಹಣೆಗಿಳಿಯದಂತೆ ನೋಡಿಕೊಳ್ಳಿ ಎನ್ನುತ್ತೇನೆ. ಜಿಮ್ಮಿಗೆ ಹೋಗುವ ಹುಡುಗರನ್ನು ಪೌಡರ್, ಇಂಜೆಕ್ಷನ್ ಬಗ್ಗೆ ಕೇಳದೆ ಬಿಡುವುದಿಲ್ಲ, ಅವುಗಳಿಂದಲೂ ಮೊಡವೆ ಏಳಬಹುದು.

ತದಡಿಯಿಂದ ಬೋಟಿಗೆ ಹೋಗುವ ಒಬ್ಬ ಹುಡುಗ ಬಂದಿದ್ದ. ಬೆನ್ನು, ದವಡೆ ತುಂಬ ಗಂಟು, ಅಂಗಿಗೆ ಕೀವಿನ ಕಲೆ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಯನ್ನು ಹಚ್ಚುವ ಬೆನ್ಜಾಯ್ಲ್ ಪೆರಾಕ್ಸೈಡ್ ಜೊತೆ ಕೊಡುವುದುಂಟು, ಆದರೆ ಆ ಮಾತ್ರೆ ತಿಂದು ದಿನವಿಡೀ ಬಿಸಿಲಲ್ಲಿದ್ದರೆ ಚರ್ಮ ಸುಡುತ್ತದೆ. ಆಗಲೇ ಕುಳಿಗಳೂ ಬೀಳತೊಡಗಿದ್ದವು. ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿ, ಯಕೃತ್ತು ಮತ್ತು ಟ್ರೈಗ್ಲಿಸರೈಡ್ (ರಕ್ತದ ಕೊಬ್ಬು) ಸರಿಯಿರುವುದನ್ನು ನೋಡಿ, ನೇರ ಐಸೊಟ್ರೆಟಿನಾಯಿನ್ ಎಂಬ, ವಿಟಮಿನ್ ಎ ಕುಲದ ಗುಳಿಗೆ ಶುರುಮಾಡಿದೆ. ಇದನ್ನು ಸಣ್ಣ ಪ್ರಮಾಣದಿಂದಲೇ ಏರಿಸುತ್ತಾ ಹೋಗುತ್ತೇನೆ, ಒಮ್ಮೆಲೇ ಹೆಚ್ಚು ಕೊಟ್ಟರೆ ಗಂಟು ಕೆರಳಬಹುದು. ಇಡೀ ಕೋರ್ಸಿನ ಒಟ್ಟು ಪ್ರಮಾಣ ದೇಹತೂಕದ ಕಿಲೋಗೆ 120ರಿಂದ 150 ಮಿಲಿಗ್ರಾಂ. 60 ಕಿಲೋ ಇದ್ದವನಿಗೆ 7200ರಿಂದ 9000, ಅಂದರೆ ದಿನಕ್ಕೆ 40ರಂತೆ ಆರು ತಿಂಗಳಾದರೂ ಬೇಕು.

ಅವನ ತಾಯಿ, ‘ಉಷ್ಣ ಅಂತ ಮೀನು ಬಿಡ್ಸಿದ್ದೇವೆ ಡಾಕ್ಟ್ರೇ’ ಅಂದರು. ‘ಬಿಡ್ಸ್‌ಬೇಡಿ ಅಮ್ಮಾ, ಬಂಗಡೆ ಸಾರಿನ ಊಟ ಮಾಡಿದ್ಮೇಲೇ ಈ ಗುಳಿಗೆ ಕೊಡಿ’ ಅಂದೆ. ಜಿಡ್ಡಿನ ಊಟದ ಜೊತೆಗೇ ಅದು ಚೆನ್ನಾಗಿ ಮೈಗೆ ಹತ್ತುವುದು. ಶಿರಸಿ ಕಡೆಯವರಿಗೆ ತುಪ್ಪ ಹಾಕಿದ ಅನ್ನ ಉಂಡು ತೆಗೆದುಕೊಳ್ಳಲು ಹೇಳುತ್ತೇನೆ. ತುಟಿ ಒಡೆಯುವುದಂತೂ ಖಂಡಿತ. ಉಪ್ಪುಗಾಳಿಯಲ್ಲಿ ದುಡಿಯುವವನಿಗೆ ಅದು ಇನ್ನೂ ಜಾಸ್ತಿ, ಹಾಗಾಗಿ ವ್ಯಾಸಲಿನ್ ಕಿಸೆಯಲ್ಲೇ ಇರಲಿ ಎಂದಿದ್ದೆ. ಬಿಸಿಲಿಗೆ ಸನ್‌ಸ್ಕ್ರೀನು, ಟೊಪ್ಪಿ. ಪ್ರತಿ ಭೇಟಿಯಲ್ಲೂ ‘ನಿದ್ರೆ ಬರ್ತದೋ ತಮಾ, ಮನಸ್ಸು ಹ್ಯಾಗಿದೆ?’ ಎಂದು ಬಾಯಿಬಿಟ್ಟು ಕೇಳುತ್ತಿದ್ದೆ. ಮುಖದ ನಾಚಿಕೆಗೇ ಖಿನ್ನರಾದವರಿದ್ದಾರೆ, ಔಷಧದಿಂದ ಮನಸ್ಸು ಕುಗ್ಗುವ ಸಂದೇಹವೂ ಇದೆ, ಕೇಳದೆ ಇರಲಾಗದು.

ಹೆಣ್ಣುಮಕ್ಕಳ ಜೊತೆ ಈ ಮಾತು ಇನ್ನೂ ಉದ್ದ. ಐಸೊಟ್ರೆಟಿನಾಯಿನ್ ಗರ್ಭದ ಮಗುವಿಗೆ ಘೋರ ಅಂಗದೋಷ ತರುತ್ತದೆ. ಶುರುಮಾಡುವ ಮೊದಲು ಗರ್ಭ ಪರೀಕ್ಷೆ ಆಗಲೇಬೇಕು, ಔಷಧ ನಡೆಯುವಷ್ಟು ದಿನ ಮತ್ತು ಬಿಟ್ಟ ಮೇಲೆ ಒಂದು ತಿಂಗಳು ಗರ್ಭ ನಿಲ್ಲಬಾರದು. ಮದುವೆ ಗೊತ್ತಾಗಿದೆಯೇ ಎಂದು ನೇರವಾಗಿ ಕೇಳುತ್ತೇನೆ, ಅಗತ್ಯವಿದ್ದರೆ ಮನೆಯವರನ್ನು ಹೊರಗೆ ಕೂರಿಸಿ. ಮುಟ್ಟು ಏರುಪೇರಾಗಿ ಗಲ್ಲದಲ್ಲಿ ಕೂದಲು ಬರುತ್ತಿದ್ದರೆ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇದೆಯೇ ನೋಡಿ, ಹಾರ್ಮೋನಿನ ಚಿಕಿತ್ಸೆಯ ದಾರಿ ಹಿಡಿಯುತ್ತೇನೆ.

ಕೋರ್ಸು ಮುಗಿದವರಿಗೆ ರಾತ್ರಿ ಅಡಾಪಲೀನ್ ಎಂಬ ಮೊಡವೆ ಮುಲಾಮು ತೆಳುವಾಗಿ ಹಚ್ಚುವುದನ್ನು ಮುಂದುವರಿಸಲು ಹೇಳುತ್ತೇನೆ. ಕೆಲವರಿಗೆ ಗಂಟು ಮರಳುತ್ತದೆ. ಮರಳಿದರೆ ಮತ್ತೆ ಐಸೊಟ್ರೆಟಿನಾಯಿನ್ ಕೊಡಬಹುದು, ಒಂದು ಗಂಟು ಕಂಡಾಗಲೇ ಬರಬೇಕು ಅಷ್ಟೆ.