ಚಿತ್ರದುರ್ಗದಲ್ಲಿ ನಿವೃತ್ತರ ನರ್ಸರಿ: ನನ್ನ ಅನುಭವ

ನಿವೃತ್ತರ ವಾಕಿಂಗ್ ಗುಂಪು ಆರು ತಿಂಗಳಿಗೆ ಕರಗುತ್ತದೆ. ಒಂದು ದಿನ ಹೋಗದಿದ್ದರೆ ಯಾರ ಗಂಟೂ ಹೋಗುವುದಿಲ್ಲವಲ್ಲ. ಸಸಿ ಹಾಗಲ್ಲ. ಏಪ್ರಿಲ್ ಬಿಸಿಲಲ್ಲಿ ಎರಡು ದಿನ ನೀರು ತಪ್ಪಿದರೆ ಚೀಲದಲ್ಲೇ ಬಾಡುತ್ತದೆ, ಹಾಗಾಗಿ ಜನ ಬಂದೇ ಬರುತ್ತಾರೆ. "ಈ ಬರದ ಸೀಮೆಯಲ್ಲಿ ಅರವತ್ತು ದಾಟಿದವರು ನರ್ಸರಿ ಮಾಡ್ತಾರಂತೆ" ಎಂದು ನಕ್ಕವರೇ ಈಗ ಹೊಂಗೆ ಸಸಿಗೆ ಮುಂಗಡ ಕೊಟ್ಟು ಹೋಗುತ್ತಿದ್ದಾರೆ.

ನೀರು ಹಾಕುವ ಪಾಳಿ ಜೋಡಿಯಲ್ಲೇ ಹಾಕಬೇಕು. ಒಬ್ಬರನ್ನೇ ಹಾಕಿದರೆ ಮದುವೆ, ಮುಂಜಿ, ಬಿ.ಪಿ. ಎಂದು ತಪ್ಪುತ್ತದೆ, ಜೊತೆಗಾರರಿದ್ದರೆ ಬಾಗಿಲಿಗೇ ಬಂದು ಕರೆಯುತ್ತಾರೆ. ಮಾತುಗಾರರಿಬ್ಬರನ್ನು ಸೇರಿಸಬಾರದು, ನೀರೆಲ್ಲ ಒಂದೇ ಸಾಲಿಗೆ ಬೀಳುತ್ತದೆ. ಸಾವಿರ ಸಸಿಗೆ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 150 ಲೀಟರ್ ಬೇಕು. ಮಂಡಿನೋವಿನವರಿಗೆ ಕ್ಯಾನ್ ಕೊಡಬೇಡಿ. ಎರಡೂವರೆ ಅಡಿ ಎತ್ತರದ ಮೇಜಿನ ಮೇಲೆ ಮಣ್ಣು ಸುರಿದರೆ ಕುರ್ಚಿಯಲ್ಲಿ ಕೂತೇ ಚೀಲ ತುಂಬುತ್ತಾರೆ. ಹರಟೆ ಕಳೆಗಟ್ಟುವುದೂ ಅಲ್ಲೇ, ಚೀಲ ತುಂಬಿದ್ದೇ ಗೊತ್ತಾಗುವುದಿಲ್ಲ.

5×8 ಇಂಚಿನ ಚೀಲ. ಕೆಂಪು ಮಣ್ಣು ಎರಡು ಪಾಲು, ಮರಳು ಒಂದು, ಕೊಟ್ಟಿಗೆ ಗೊಬ್ಬರ ಒಂದು. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳ, ಗೆದ್ದಲು ಗ್ಯಾರಂಟಿ. ಹೊಂಗೆ ಸಲೀಸು, ಬೇವು ತಂಟೆ. ಬೇವಿನ ಹಣ್ಣು ಜೂನ್-ಜುಲೈನಲ್ಲಿ ಉದುರಿದ ಕೂಡಲೇ ತಿರುಳು ತೊಳೆದು, ನೆರಳಲ್ಲಿ ಆರಿಸಿ, ಎರಡು ವಾರದೊಳಗೆ ಬಿತ್ತಬೇಕು. ಡಬ್ಬಿಯಲ್ಲಿಟ್ಟು ದೀಪಾವಳಿಗೆ ಬಿತ್ತಿದರೆ ನೂರಕ್ಕೆ ಐದೂ ಏಳುವುದಿಲ್ಲ. ಬೀಜಕ್ಕೆಂದು ಜೋಗಿಮಟ್ಟಿ ವನ್ಯಧಾಮದೊಳಗೆ ಕಾಲಿಡಬೇಡಿ, ಹೊಲದ ಬದುಗಳಲ್ಲೇ ಬೇಕಾದಷ್ಟಿದೆ. ತಿಂಗಳಿಗೊಮ್ಮೆ ಚೀಲಗಳ ಜಾಗ ಬದಲಿಸದಿದ್ದರೆ ಬೇರು ನೆಲಕ್ಕಿಳಿಯುತ್ತದೆ, ಮಾರುವ ದಿನ ಕಿತ್ತರೆ ಸಸಿ ಸಾಯುತ್ತದೆ.

ದುಡ್ಡಿನ ವಿಷಯ. ಗುಂಪಿನ ಒಬ್ಬೊಬ್ಬರಿಂದ ತಿಂಗಳಿಗೆ 200 ರೂಪಾಯಿ ವಂತಿಗೆ. ಮಣ್ಣು, ಚೀಲ, ನೆರಳುಬಲೆ, ಪೈಪು ಎಂದು ಮೊದಲ ವರ್ಷ ಹದಿನೆಂಟೋ ಇಪ್ಪತ್ತೋ ಸಾವಿರ ಹೋಯಿತು. ಉಚಿತವಾಗಿ ಹಂಚಿದ ಸಸಿಗಳಲ್ಲಿ ಅರ್ಧ ಮೇಕೆಯ ಪಾಲು. 15 ರೂಪಾಯಿ ಬೆಲೆ ಕಟ್ಟಿದ ಮೇಲೆ ಒಯ್ದವರು ಮುಳ್ಳುಬೇಲಿಯನ್ನೂ ಕಟ್ಟಿದರು. ಲೆಕ್ಕದ ಪುಸ್ತಕ ನಿವೃತ್ತ ಬ್ಯಾಂಕಿನವರ ಕೈಗೆ ಬೇಡ, ಟೀ ಬಿಲ್ಲಿಗೂ ವೋಚರ್ ಕೇಳುತ್ತಾರೆ. ಹಳೇ ಬಸ್ ಕಂಡಕ್ಟರೇ ಮೇಲು, ಚಿಲ್ಲರೆ ಸಮೇತ ತಾಳೆಯಾಗುತ್ತದೆ. ಉಳಿದ ಹಣದಲ್ಲಿ ವಾಣಿವಿಲಾಸ ಸಾಗರಕ್ಕೋ ಸಂತೇಬೆನ್ನೂರಿನ ಪುಷ್ಕರಿಣಿಗೋ ಒಂದು ದಿನದ ಸುತ್ತಾಟ. ಕೆಎಸ್‌ಆರ್‌ಟಿಸಿಯಲ್ಲಿ ಅರವತ್ತಾದವರಿಗೆ ಶೇ. 25 ರಿಯಾಯಿತಿ, ಹೆಂಗಸರಿಗೆ 2023ರಿಂದ ಶಕ್ತಿ ಯೋಜನೆಯ ಉಚಿತ ಟಿಕೆಟ್, ಹೆಚ್ಚಿನ ಖರ್ಚು ಊಟದ್ದೇ.

ಪಕ್ಕದಲ್ಲೊಂದು ಶ್ರೀಗಂಧದ ಪ್ರಯೋಗವೂ ನಡೆದಿದೆ. ಗಂಧದ ಬೇರು ಪಕ್ಕದ ಗಿಡದಿಂದ ಹೀರಿ ಬದುಕುವಂಥದ್ದು, ಅದಕ್ಕೇ ಅದೇ ಚೀಲದಲ್ಲಿ ಒಂದು ತೊಗರಿ ಬೀಜ ಊರಬೇಕು. ತೊಗರಿ ಎತ್ತರವಾಗಿ ನೆರಳು ಕಟ್ಟಿದರೆ ತುದಿ ಚಿವುಟಿ. ಗಂಧದ ಬೀಜ ಮೊಳೆಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಬೇಗ ಮೊಳೆಯಿಸಲು ನಾವು ಯಾವುದರಲ್ಲಿ ನೆನೆಸುತ್ತೇವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಬೆಳಗ್ಗೆ ಆರೂವರೆಗೆ ಬಂದು ಎರಡು ಸಾಲಿಗೆ ನೀರು ಹಾಕಲಿ, ಆಮೇಲೆ ಹೇಳುತ್ತೇವೆ.