ಓಟು ಬಡಾವಣೆಯಲ್ಲಿ, ಖಾನಾವಳಿ ಬಜಾರದಲ್ಲಿ

ನನ್ನ ಖಾನಾವಳಿ ಇರುವುದು ಬಸ್ ನಿಲ್ದಾಣದ ಹಿಂದಿನ ಬಜಾರದಲ್ಲಿ, ಮನೆ ಊರಾಚೆಯ ಬಡಾವಣೆಯಲ್ಲಿ. ಮತದಾರರ ಪಟ್ಟಿಗೆ ಬೇಕಾದದ್ದು ಮನೆಯ ವಿಳಾಸ, ಅಂಗಡಿಯದ್ದಲ್ಲ. ಹಾಗಾಗಿ ಬಜಾರದ ವಾರ್ಡಿನಿಂದ ಪುರಸಭೆಗೆ ಯಾರು ಹೋಗಬೇಕು ಎಂದು ಹೇಳುವ ಹಕ್ಕು ನನಗಿಲ್ಲ. ನಮ್ಮ ಸಾಲಿನ ಕಿರಾಣಿ ಅಂಗಡಿಯವರದ್ದು, ಹಿಟ್ಟಿನ ಗಿರಣಿಯವರದ್ದು, ಮೊಬೈಲ್ ರಿಪೇರಿ ಹುಡುಗನದ್ದು ಎಲ್ಲ ಇದೇ ಕಥೆ. ಅಭ್ಯರ್ಥಿಗಳಿಗೂ ಇದು ಗೊತ್ತು. ಪ್ರಚಾರಕ್ಕೆ ಬಂದವರು ರೊಟ್ಟಿ ಊಟ ಮಾಡಿ, ಕೈ ಮುಗಿದು ಹೋಗಿಬಿಡುತ್ತಾರೆ.

ಕಸದ ಗಾಡಿಯನ್ನೇ ತಗೊಳ್ಳಿ. ಅದು ಬರುವುದು ಬೆಳಿಗ್ಗೆ ಏಳಕ್ಕೆ, ಮನೆಗಳಿಗೆ ಸರಿಹೋಗುವ ಹೊತ್ತು. ಖಾನಾವಳಿಯ ಬಕೆಟ್ ತುಂಬುವುದು ಮಧ್ಯಾಹ್ನ ಮೂರಕ್ಕೆ, ಊಟದ ಗದ್ದಲ ಇಳಿದ ಮೇಲೆ: ಉಳ್ಳಾಗಡ್ಡಿ ಸಿಪ್ಪೆ, ಸೊಪ್ಪಿನ ದಂಟು, ತಟ್ಟೆಯ ಎಂಜಲು. ರಾತ್ರಿ ಇನ್ನೊಂದು ಬಕೆಟ್. ಬೆಳಗಿನ ತನಕ ಒಳಗಿಟ್ಟರೆ ಏಪ್ರಿಲ್ ಬಿಸಿಲಿಗೆ ವಾಸನೆ ಎದ್ದು ಗಿರಾಕಿ ಬಾಗಿಲಿಂದಲೇ ವಾಪಸ್. ಹೊರಗಿಟ್ಟರೆ ದಂಡದ ಪಾವತಿ ಕೈಗೆ. ಜಿಎಸ್‌ಟಿ ದಿಲ್ಲಿಯ ಮಾತಾದರೆ, ಈ ಗಾಡಿಯ ಹೊತ್ತು, ಗಟಾರದ ಹೂಳು, ಸಂತೆಯ ಜಾಗ, ಪುರಸಭೆ ಮಳಿಗೆಗಳ ಹರಾಜು, ನಮ್ಮ ಉದ್ದಿಮೆ ಪರವಾನಗಿ ಎಲ್ಲ ಇಲ್ಲೇ ಊರಲ್ಲೇ ತೀರ್ಮಾನವಾಗುವಂಥವು. ಶಾಸಕರ ಕ್ಷೇತ್ರದಲ್ಲಿ ಎರಡು ಲಕ್ಷದಷ್ಟು ಓಟು. ಅದರಲ್ಲಿ ನಮ್ಮ ಸಾಲು ಯಾವ ಲೆಕ್ಕ? ವಾರ್ಡಿನಲ್ಲಿ ಮಾತ್ರ ಒಂದೆರಡು ಮನೆತನ ಆಚೀಚೆ ಆದರೂ ಫಲಿತಾಂಶ ಬದಲಾಗುತ್ತದೆ.

2018ರ ಪುರಸಭೆ ಚುನಾವಣೆಗೆ ಮುಂಚೆ ಸಾಲಿನವರನ್ನೆಲ್ಲ ಒಂದು ರಾತ್ರಿ, ಗಿರಾಕಿ ಹೋದ ಮೇಲೆ, ನಮ್ಮಲ್ಲೇ ಕೂರಿಸಿದೆ. ಯಾರ ಓಟು ಯಾವ ವಾರ್ಡಿನಲ್ಲಿದೆ ಎಂದು ಬಿಲ್ ಬುಕ್ಕಿನ ಹಿಂದೆ ಬರೆದುಕೊಂಡೆವು. ಊರಿನ ಹಲವು ವಾರ್ಡುಗಳಲ್ಲಿ ಹರಡಿಹೋಗಿದ್ದೆವು. ಮೊದಲು ಬೇಜಾರಾಯಿತು. ಆದರೆ ಠರಾವು ಪಾಸಾಗುವುದು ಸಾಮಾನ್ಯ ಸಭೆಯಲ್ಲಿ, ಬಹುಮತದಿಂದ. ಬಜಾರದ ಸದಸ್ಯ ಒಬ್ಬನೇ ಎದ್ದು ನಿಂತರೆ ಏನೂ ಆಗದು. ಪ್ರತಿಯೊಬ್ಬರೂ ತಮ್ಮ ಮನೆ ಬಾಗಿಲಿಗೆ ಬಂದ ಅಭ್ಯರ್ಥಿಗೆ ಇವೇ ಮೂರು ಮಾತು ಕೇಳುವುದೆಂದು ಆಯಿತು: ಮಧ್ಯಾಹ್ನ ಬಜಾರಕ್ಕೆ ಕಸದ ಗಾಡಿ, ಗಟಾರದ ಕಾಮಗಾರಿಗೆ ಮುಗಿಯುವ ದಿನಾಂಕ, ಮಳಿಗೆ ಹರಾಜಿಗೆ ಮುಂಚೆ ಈಗಿನ ಬಾಡಿಗೆದಾರರ ಸಭೆ. ಪಕ್ಷ ಯಾವುದೆಂದು ಕೇಳುವುದಿಲ್ಲ, ಕಾಣಿಕೆ ಮುಟ್ಟುವುದಿಲ್ಲ. (ಎರಡನೆಯದನ್ನು ಎಲ್ಲರೂ ಪಾಲಿಸಿದರು ಎಂದು ನಾನು ಆಣೆ ಮಾಡಲಾರೆ.)

ಬಜಾರದ ವಾರ್ಡಿನ ಓಟು ನಮ್ಮ ಅಡುಗೆಮನೆಯಲ್ಲೇ ಇತ್ತು. ರೊಟ್ಟಿ ಬಡಿಯುವ ಹೆಣ್ಣುಮಕ್ಕಳು ಹಿಂದಿನ ಓಣಿಯವರು. ಅಲ್ಲಿಗೆ ಬಂದ ಅಭ್ಯರ್ಥಿಗೆ ಅವರಲ್ಲೊಬ್ಬಳು ಹಿಟ್ಟಿನ ಕೈಯಲ್ಲೇ ಕೇಳಿದಳು: "ಅಣ್ಣಾರ, ಖಾನಾವಳಿ ಮುಚ್ಚಿದ್ರ ನಮ್ಮ ಪಗಾರ ನೀವು ಕೊಡ್ತೀರೇನ್ರಿ?"

ಆಗಸ್ಟ್ 31ಕ್ಕೆ ಮತದಾನ, ಸೆಪ್ಟೆಂಬರ್‌ನಲ್ಲಿ ಫಲಿತಾಂಶ. ಆಮೇಲೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ನಮ್ಮಂಥ ಎಷ್ಟೋ ಊರುಗಳಲ್ಲಿ ಗೆದ್ದವರು ಎರಡು ವರ್ಷ ಬರೀ ಹೆಸರಿಗೆ ಸದಸ್ಯರು. ಅಧಿಕಾರ ಆಡಳಿತಾಧಿಕಾರಿಯ ಕೈಯಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಮಳಿಗೆಯವರು ಬಾಡಿಗೆ ಮಾಫಿ ಕೇಳಲು ಹೋದಾಗ ಅರ್ಜಿ ತೆಗೆದುಕೊಳ್ಳುವವರಿದ್ದರು, ಅದನ್ನು ಸಭೆಯಲ್ಲಿ ಎತ್ತುವವರಿರಲಿಲ್ಲ. ಆ ವರ್ಷದ ಕೊನೆಗೆ ಅಧ್ಯಕ್ಷರು ಬಂದರು. ಅಧ್ಯಕ್ಷರ ಎರಡನೇ ಅವಧಿಗೂ ಅದೇ ರಗಳೆ, 2024ರ ತನಕ. ಬೆಂಗಳೂರಿನಲ್ಲಿ ದರ್ಶಿನಿ ಇಟ್ಟಿರುವ ನನ್ನ ಮೈದುನ ನಗುತ್ತಾನೆ: ಅವನೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು, 2025 ಕಳೆದರೂ ಹೊಸ ಕಾರ್ಪೊರೇಟರು ಬಂದಿರಲಿಲ್ಲ. ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ನಡೆಸಬೇಕೆಂದು ಸಂವಿಧಾನವೇ ಹೇಳುತ್ತದೆ, ನೋಡಿ.

ಮಧ್ಯಾಹ್ನದ ಗಾಡಿ ಕೊನೆಗೂ ಬಂತು. ಠರಾವಿಗೆ ಕೈ ಎತ್ತಿದವರಲ್ಲಿ ಬಜಾರಕ್ಕೆ ಸಂಬಂಧವೇ ಇಲ್ಲದ ಬಡಾವಣೆಗಳ ಸದಸ್ಯರೂ ಇದ್ದರು. ನಮ್ಮ ಓಟು ಅವರ ಪಟ್ಟಿಯಲ್ಲಿತ್ತು. ಮಳಿಗೆಯವರ ಸಭೆಯೂ ಒಂದು ನಡೆಯಿತು, ಚಹಾ ಮಾತ್ರ ಚೆನ್ನಾಗಿತ್ತು. ಗಟಾರಕ್ಕೆ ಟೆಂಡರ್ ಆಗಿದೆ ಅನ್ನುತ್ತಾರೆ. ಮಳೆಗಾಲದಲ್ಲಿ ಗಿರಾಕಿ ಇನ್ನೂ ಹಲಗೆ ಮೇಲೆ ಕಾಲಿಟ್ಟೇ ಒಳಗೆ ಬರಬೇಕು. ಮುಂದಿನ ಚುನಾವಣೆಗೆ ನಾವು ಕೇಳುವ ಮೊದಲ ಮಾತು ಅದೇ.